ಟೆನ್ಷನ್ ಬಿಡಿ, ಮೊದಲು ಫೈಲ್ ತೆರೆದು ನೋಡಿ

ಅಕ್ಕಾ, ಮೆಷಿನ್ ಎಂಬ್ರಾಯ್ಡರಿಯ ಗುಲಾಬಿ ಡಿಸೈನ್ ಚಿಕ್ಕದು ಮಾಡಿ ತೆಳು ಬಟ್ಟೆಗೆ ಹಾಕಿದೆ, ಸುಕ್ಕು ಬಂತು, ದಾರದ ಟೆನ್ಷನ್ (ಬಿಗಿ) ಎಷ್ಟಿಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಸ್ಕ್ರೂ ಮುಟ್ಟಬೇಡಿ. ನಾನೂ ಹೀಗೇ ತಿರುಗಿಸಿ ತಿರುಗಿಸಿ ಸರಿಯಿದ್ದ, ಕೆಳದಾರ ಕೂರುವ ಬಾಬಿನ್ ಕೇಸನ್ನೂ ಕೆಡಿಸಿಕೊಂಡಿದ್ದೆ. ತಪ್ಪು ಇದ್ದದ್ದು ಡಿಸೈನಿನ ಫೈಲಿನಲ್ಲಿ.

ಡಿಎಸ್‌ಟಿ ಎಂಬ, ಮೆಷಿನ್ ಓದುವ ಹೊಲಿಗೆ ಫೈಲನ್ನು ಮೆಷಿನ್‌ನಲ್ಲೇ ಕುಗ್ಗಿಸಿದರೆ ಎಷ್ಟೋ ಸಲ ಹೊಲಿಗೆ ಅಷ್ಟೇ ಉಳಿಯುತ್ತದೆ, ಜಾಗ ಮಾತ್ರ ಕಮ್ಮಿಯಾಗುತ್ತದೆ. ನಾನು 100 ಮಿ.ಮೀ. ಎಲೆಯನ್ನು 70ಕ್ಕೆ ಇಳಿಸಿದ್ದೆ. ಅಗಲ, ಎತ್ತರ ಎರಡೂ 70 ಅಂದರೆ ಜಾಗ ಅರ್ಧ! ಅರ್ಧ ಜಾಗದಲ್ಲಿ ಅಷ್ಟೂ ಹೊಲಿಗೆ. ಮೊದಲ ಬಣ್ಣ ಮುಗಿಯುವಾಗಲೇ ಎಲೆ ರಟ್ಟಿನಂತಾಗಿತ್ತು. ಎರಡನೇ ಬಣ್ಣಕ್ಕೆ ಸೂಜಿ ಮುರಿಯಿತು. ಬಟ್ಟೆ ಹಿಡಿಯುವ ಹೂಪ್ (ಚೌಕಟ್ಟು) ಬಿಚ್ಚಿದರೆ ಅಂಚಿನ ಸುತ್ತ ಅಂಚೆಚೀಟಿ ಹರಿದ ಹಾಗೆ ತೂತು, ಎಲೆ ಕೈಗೇ ಬಂತು. ಆಮೇಲಿಂದ ಶೇ. 10ಕ್ಕಿಂತ ಜಾಸ್ತಿ ಕುಗ್ಗಿಸಿಲ್ಲ. ಬೇಕೇ ಬೇಕಾದರೆ ಹೊಲಿಗೆಯನ್ನು ಮತ್ತೆ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ.

40 ನಂಬರ್ ದಾರಕ್ಕೆ ಹೊಲಿಗೆ ಸಾಲುಗಳ ನಡುವೆ ಸುಮಾರು 0.4 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸರಿ. ಶೇ. 70ಕ್ಕೆ ಇಳಿಸಿದರೆ ಅದು 0.28 ಆಗುತ್ತದೆ, ತೆಳು ಬಟ್ಟೆ ಎಲ್ಲಿ ತಡೆಯುತ್ತದೆ? ತೆಳು ಬಟ್ಟೆಗೆ ಹೊಲಿಗೆ ಕಮ್ಮಿಯಿರುವ, ಗಾಳಿಯಾಡುವ ಡಿಸೈನೇ ಆರಿಸಿ. ಬಟ್ಟೆಯ ಹಿಂದೆ ದಪ್ಪ ಬ್ಯಾಕಿಂಗ್ (ಆಸರೆ ಹಾಳೆ) ಹಾಕಿದರೂ ತುಂಬಿದ ಗುಲಾಬಿ ಜೋತು ಬೀಳುತ್ತದೆ.

ಬಣ್ಣದ ಚಿತ್ರ ನೋಡಿ ಫೈಲ್ ಕೊಳ್ಳುವ ಚಾಳಿ ಬಿಡಿ ಅಂತ ಎಷ್ಟು ಸಲ ಹೇಳುವುದು? ಹೊಲಿದ ಬಟ್ಟೆಯ ಫೋಟೋ ಕೇಳಿ. ಇಂಕ್‌ಸ್ಟಿಚ್ ಎಂಬ ಸಾಫ್ಟ್‌ವೇರ್ ಉಚಿತ, ಹೊಲಿಗೆ ಬೀಳುವುದನ್ನು ತೋರಿಸುವ ಅದರ ಸಿಮ್ಯುಲೇಟರ್‌ನಲ್ಲಿ ನಿಧಾನವಾಗಿ ಓಡಿಸಿ. ತುಂಬುವ ಹೊಲಿಗೆಗೆ ಮುಂಚೆ ತಳಪಾಯದ ಹೊಲಿಗೆ, ಅಂದರೆ ಅಂಡರ್‌ಲೇ ಬಾರದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಒಂದೇ ಬಣ್ಣ ಆ ಮೂಲೆ ಈ ಮೂಲೆ ಜಿಗಿಯುತ್ತಿದ್ದರೆ ಚಿತ್ರವನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಸುಮ್ನೆ ಆಟೋ ಡಿಜಿಟೈಜ್ ಮಾಡಿದ್ದಾರೆ ಅಂತಲೇ ಅನುಮಾನ ಪಡಿ. ಅಂಚಿನಿಂದ ಅಂಚಿಗೆ ಹೋಗುವ ಸ್ಯಾಟಿನ್ ಹೊಲಿಗೆಯ ಅಗಲ 1 ಮಿ.ಮೀ.ಗಿಂತ ಸಣ್ಣದಿದ್ದರೆ ಗಂಟು ಗಂಟಾಗುತ್ತದೆ, 7 ದಾಟಿದರೆ ಉಗುರಿಗೆ ಸಿಕ್ಕಿ ಎಳೆ ಬರುತ್ತದೆ. 5 ಮಿ.ಮೀ.ಗಿಂತ ಚಿಕ್ಕ ಅಕ್ಷರಕ್ಕೆ ಇನ್ನೂ ತೆಳುವಾದ 60 ನಂಬರ್ ದಾರ ಮತ್ತು ಸಣ್ಣ ಸೂಜಿ ಬೇಕು.

ದಾರದ ಮಾತು ಬಂತು ಅಂತ ಹೇಳುತ್ತೇನೆ, ಮಡೈರಾ ಕಂಪನಿಯ ರೇಯಾನ್ ದಾರದ ಹೊಳಪು ನನಗಿಷ್ಟ. ಆದರೆ ಪದೇ ಪದೇ ಒಗೆಯುವ ಬಟ್ಟೆಗೆ ಪಾಲಿಯೆಸ್ಟರೇ ಹಾಕಿ. ಟೀ ಶರ್ಟಿಗೆ ಕೈಯಲ್ಲಿ ಹರಿದು ತೆಗೆಯುವ ಬ್ಯಾಕಿಂಗ್ ಬೇಡ, ಕತ್ತರಿಯಿಂದ ಕತ್ತರಿಸುವುದೇ ಇರಲಿ, ದುಂಡು ತುದಿಯ ಬಾಲ್ ಪಾಯಿಂಟ್ ಸೂಜಿಯೂ ಇರಲಿ. ಹೂಪ್ ಬಿಗಿ ಮಾಡಿದ ಮೇಲೆ ಬಟ್ಟೆ ಎಳೆಯಬೇಡಿ, ಹೊರಗೆ ತೆಗೆದ ಕೂಡಲೇ ಅದರಿಂದಲೂ ಸುಕ್ಕಾಗುತ್ತದೆ.

ನಿಮ್ಮ ಗುಲಾಬಿಯ ಮೂಲ ಅಳತೆ, ಈಗಿನ ಅಳತೆ, ಹೊಲಿಗೆಯ ಸಂಖ್ಯೆ ಇಲ್ಲಿ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ.