ಮಗಳ ಮನೆ, ಕೆನಡಾ ಮತ್ತು ಎಂಟು ಎಕರೆ ತೋಟ

ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಪಾರ್ವತಮ್ಮ ಅಂತ ಕರೆಯೋಣ. ವಯಸ್ಸು 67. ಸೋಮವಾರಪೇಟೆ ಕಡೆಯವರು.

ಆಪ್ತ ಸಲಹೆಗೆಂದು ಮೊದಲು ನನ್ನ ಜೊತೆ ಮಾತಾಡಿದ್ದು ಅವರ ಮಗಳು, ಕೆನಡಾದ ಕ್ಯಾಲ್ಗರಿಯಿಂದ. ಆಗ ಜನವರಿ. "ಅಮ್ಮನಿಗೆ ಡಿಪ್ರೆಶನ್ ಆಗಿದೆ ಮೇಡಂ. ಈ ದೇಶಕ್ಕೆ ಹೊಂದಿಕೊಳ್ತಾನೇ ಇಲ್ಲ. ಒಂದು ಕೆಲಸ ಇಲ್ಲ, ಒಂದು ಚಿಂತೆ ಇಲ್ಲ, ಎಲ್ಲಾ ನಾವೇ ನೋಡ್ಕೋತೀವಿ. ಆದ್ರೂ ದಿನಾ ರೂಮಲ್ಲೇ ಕೂತಿರ್ತಾರೆ." 'ಎಲ್ಲಾ ನಾವೇ ನೋಡ್ಕೋತೀವಿ' ಅನ್ನೋ ಮಾತನ್ನು ನಾನು ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಇವರ ಕಾಫಿ ತೋಟಕ್ಕೆ ಏನೂ ಆಗಲಿಲ್ಲ. ಆದರೆ ಮಗಳಿಗೆ ಆ ಹೆದರಿಕೆ ಹೋಗಲಿಲ್ಲ. ಪ್ರತಿ ಮಳೆಗಾಲ ರಾತ್ರಿಯೆಲ್ಲಾ ಫೋನು. ಆಮೇಲೆ ಯಜಮಾನರು ತೀರಿಹೋದರು. ಕೆನಡಾದಲ್ಲಿ ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಲು ಆಗ ಮಕ್ಕಳು ಅರ್ಜಿ ಹಾಕಬಹುದಿತ್ತು. ಅರ್ಜಿದಾರರು ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಚೀಟಿ ಎತ್ತಿ ಕರೆಯುತ್ತಿದ್ದರು. ಮಗಳ ಹೆಸರು ಬಂತು. ಅಮ್ಮನ ಖರ್ಚುವೆಚ್ಚ 20 ವರ್ಷ ತನ್ನದೇ ಜವಾಬ್ದಾರಿ ಅಂತ ಸರ್ಕಾರಕ್ಕೆ ಬರೆದುಕೊಟ್ಟು ಕರೆಸಿಕೊಂಡಳು. ಸಣ್ಣ ಮಾತಲ್ಲ ಅದು.

ಪಾರ್ವತಮ್ಮ ಹೋದದ್ದು ಅಕ್ಟೋಬರ್‌ನಲ್ಲಿ. ವಯಸ್ಸಾದವರು ಮೊದಲ ಸಲ ಹೋಗಲೇಬಾರದ ತಿಂಗಳು ಅದು ಅಂತ ನನ್ನ ಅಭಿಪ್ರಾಯ. ಇಲ್ಲಿ ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತಿಗೆ ಅಲ್ಲಿ ಹಿಮ ಶುರು. ಡಿಸೆಂಬರ್‌ನಲ್ಲಿ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕೂವರೆಗೆಲ್ಲಾ ಮುಳುಗುತ್ತಾನೆ. ಮೇ ತಿಂಗಳಲ್ಲಿ ಹೋಗಿದ್ದರೆ ದಾರಿ, ಬಸ್ಸು, ಪಕ್ಕದ ಮನೆಯವರ ಮುಖ ಇಷ್ಟಾದರೂ ಪರಿಚಯ ಆಗುತ್ತಿತ್ತು.

ನಾನು ಮೊದಲು ಹೇಳಿದ್ದು ಮನಸ್ಸಿನ ವಿಷಯವೇ ಅಲ್ಲ. ಅಲ್ಲಿನ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಬಿ12, ವಿಟಮಿನ್ ಡಿ, ರಕ್ತದ ಅಂಶ ನೋಡಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ ಅಂದೆ. ಸುಸ್ತು, ಮಂಕು, ಮರೆವು ಇವೆಲ್ಲ ಬಿ12 ಕಡಿಮೆಯಾದರೂ ಬರುತ್ತವೆ, ಥೈರಾಯ್ಡ್ ಏರುಪೇರಾದರೂ ಬರುತ್ತವೆ. ಇವರಿಗೆ ಬಿ12 ಕಡಿಮೆ ಇತ್ತು. ಬಲಗಿವಿ ಮಂದವಾಗಿತ್ತು. ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ಅರ್ಥವಾಗುತ್ತಿರಲಿಲ್ಲ. 'ನಂಗೆ ಇಂಗ್ಲಿಷ್ ಬರಲ್ಲ' ಅಂತ ಬಾಯಿ ಮುಚ್ಚಿಕೊಂಡಿದ್ದರು. ಅರ್ಧ ಸಮಸ್ಯೆ ಕಿವಿಯದ್ದೇ.

ವಯಸ್ಸಾದವರ ಖಿನ್ನತೆ ಅಳೆಯಲು 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೌದು, ಇಲ್ಲ ಅಂತ ಉತ್ತರ ಕೊಟ್ಟರೆ ಸಾಕು. ಅದನ್ನು ಕೇಳಿದೆ. ಬದುಕು ಸಾಕು ಅನ್ನಿಸುತ್ತಾ, ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತಾ ಅಂತಲೂ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಅಂಥದ್ದೇನೂ ಇರಲಿಲ್ಲ. ಬೇಸರ ಇತ್ತು, ಜಾಸ್ತಿಯೇ ಇತ್ತು. ಸದ್ಯಕ್ಕೆ ಮಾತುಕತೆಯಲ್ಲೇ ನೋಡೋಣ, ಇಳಿಯದಿದ್ದರೆ ಅಲ್ಲಿನ ಡಾಕ್ಟರ ಹತ್ತಿರ ಮಾತ್ರೆಯ ವಿಷಯ ಕೇಳೋಣ ಅಂತ ಮೂವರೂ ಒಪ್ಪಿದೆವು.

ಕಷ್ಟ ಆಗಿದ್ದು ಅವರನ್ನು ಒಬ್ಬರೇ ಸಿಗುವಂತೆ ಮಾಡುವುದು. ನಾನು ಅಮ್ಮನನ್ನು ಕೇಳಿದರೆ ಮಗಳು ಉತ್ತರ ಕೊಡುತ್ತಿದ್ದಳು. ಕೊನೆಗೆ ಮಗಳು ವಾಕಿಂಗ್‌ಗೆ ಹೊರಟ ಮೇಲೆ ಮಾತು ಶುರುವಾಯಿತು.

"ಅಮ್ಮ, ಬೆಳಿಗ್ಗೆಯಿಂದ ಏನೇನ್ಮಾಡ್ತೀರ, ಹೇಳಿ."

"ಐದಕ್ಕೆ ಎಚ್ಚರ ಆಗುತ್ತೆ. ರೂಮಿಂದ ಹೊರಗೆ ಬರಲ್ಲ. ಅಳಿಯಂದಿರು ಆಫೀಸಿಗೆ ಹೊರಟ ಮೇಲೆ ಕಾಫಿ."

"ಅವರು ಮನೆಯಿಂದಲೇ ಕೆಲಸ ಮಾಡೋ ದಿನ?"

"ಆವತ್ತು ಮಗಳು ರೂಮಿಗೇ ತಂದುಕೊಡ್ತಾಳೆ. ಕಾಯಿಲೆಯವರಿಗೆ ಕೊಟ್ಟ ಹಾಗೆ."

ಒಂದೊಂದೇ ಹೊರಗೆ ಬಂತು. ಒಂದು ದಿನ ಒಗ್ಗರಣೆಯ ಹೊಗೆಗೆ ಅಲಾರಂ ಹೊಡೆದುಕೊಂಡಿತ್ತು. ಅವತ್ತಿಂದ ಒಲೆ ಮುಟ್ಟಿಲ್ಲ. ಬಾಗಿಲಿಗೆ ನಂಬರ್ ಒತ್ತುವ ಬೀಗ, ಆ ನಂಬರ್ ಇವರಿಗೆ ಗೊತ್ತಿಲ್ಲ. ಹಿಮದಲ್ಲಿ ಜಾರಿ ಬೀಳ್ತೀರಿ ಅಂತ ಹೊರಗೆ ಬಿಡುವುದಿಲ್ಲ. ಕೈಯಲ್ಲಿ ಒಂದು ಡಾಲರ್ ಇಲ್ಲ, ಬೇಕಾದದ್ದನ್ನೆಲ್ಲ ಮಗಳೇ ತರುತ್ತಾಳೆ. ಶನಿವಾರಸಂತೆಯ ನಾದಿನಿ ಫೋನ್ ಮಾಡಿದಾಗಲೆಲ್ಲ 'ಇನ್ನೂ ಎಷ್ಟು ದಿನ ಮಗಳ ಮನೇಲಿ?' ಅಂತ ಕೇಳುತ್ತಾರೆ.

ಇವರು ಯಾರು ಅಂತ ನೆನಪಿರಲಿ. ಎಂಟು ಎಕರೆ ತೋಟ ನಿಂತು ಮಾಡಿಸಿದವರು. ಯಜಮಾನರು ಹಾಸಿಗೆ ಹಿಡಿದ ಮೇಲೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸಿದ್ದು, ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಗಿಡ ಹುಡುಕಿ ಕಿತ್ತು ಸುಡಿಸಿದ್ದು, ಆಳುಗಳ ಹಾಜರಿ ಬರೆದದ್ದು, ಮೆಣಸು ಈಗ ಮಾರಬೇಕೋ ಇಟ್ಟುಕೊಳ್ಳಬೇಕೋ ಅಂತ ತೀರ್ಮಾನ ಮಾಡಿದ್ದು ಎಲ್ಲಾ ಇವರೇ. ಸೋಮವಾರದ ಸಂತೆಯಲ್ಲಿ ಇವರ ಜೊತೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ ಅಂತ ಆಮೇಲೆ ಗೊತ್ತಾಯಿತು.

ನಾನು ಅವರಿಗೆ ಒಂದು ಕೆಲಸ ಕೊಟ್ಟೆ. ಅಲ್ಲಿ ಏನೇನು ಕಷ್ಟ ಅಂತ ಕಾಗದದಲ್ಲಿ ಬರೆಯಿರಿ. ಆಮೇಲೆ ಒಂದೊಂದರ ಮುಂದೆಯೂ ಕೇಳಿಕೊಳ್ಳಿ: ಇದೇ ಮಗಳು ಬೆಂಗಳೂರಿನ ವಿಜಯನಗರದಲ್ಲಿ ಇದ್ದಿದ್ದರೆ ಈ ಕಷ್ಟ ಇರುತ್ತಿತ್ತಾ? ಇರುತ್ತಿತ್ತು ಅಂದರೆ ಒಂದು ಗುರುತು ಹಾಕಿ.

ಅರ್ಧಕ್ಕಿಂತ ಜಾಸ್ತಿ ಸಾಲಿಗೆ ಗುರುತು ಬಿತ್ತು. ಅಳಿಯನ ಎದುರು ಕೂರಲು ಸಂಕೋಚ, ಮಗಳ ಮನೆಯ ಅನ್ನ, ಕೈಯಲ್ಲಿ ಕಾಸಿಲ್ಲದ್ದು, ಅಡುಗೆಮನೆ ತನ್ನದಲ್ಲದ್ದು, ತೋಟದ ಸುದ್ದಿ ಯಾರೂ ಹೇಳದಿರುವುದು, ಯಜಮಾನರು ಇಲ್ಲದ್ದು. ಇದ್ಯಾವುದೂ ಕೆನಡಾ ಮಾಡಿದ್ದಲ್ಲ. ಕೆನಡಾದ ಪಾಲಿಗೆ ಉಳಿದದ್ದು ಚಳಿ, ಕತ್ತಲು, ಜಾರುವ ದಾರಿ, ಭಾಷೆ, ರಸ್ತೆಯಲ್ಲಿ ಮಾತಾಡಿಸಲು ಜನ ಇಲ್ಲದಿರುವುದು. ಇವೂ ಸಣ್ಣವಲ್ಲ. ಆದರೆ ಇವಕ್ಕೆ ಬೂಟು, ಕೋಟು, ಬಸ್ಸು, ಕ್ಲಾಸು ಅಂತ ಉಪಾಯ ಇದೆ. ಗುರುತು ಬಿದ್ದವುಗಳಿಗೆ ಮನೆಯವರು ಮನಸ್ಸು ಮಾಡಬೇಕು. ಅಮ್ಮ ದೇಶಕ್ಕೆ ಹೊಂದಿಕೊಳ್ಳುತ್ತಿಲ್ಲ ಅಂತ ಎಲ್ಲರೂ ಅನ್ನುತ್ತಿದ್ದರು. ಆ ಮನೆ ಅಮ್ಮನಿಗೆ ಹೊಂದಿಕೊಂಡಿದೆಯಾ ಅಂತ ಯಾರೂ ಕೇಳಿರಲಿಲ್ಲ.

ಮಗಳ ಜೊತೆ ಮಾತಾಡುವಾಗ 1976ರ ಒಂದು ಅಧ್ಯಯನದ ವಿಷಯ ಹೇಳಿದೆ. ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನುವ ಮನೋವಿಜ್ಞಾನಿಗಳು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಮಾಡಿದ್ದು. ಒಂದು ಗುಂಪಿಗೆ ತಮ್ಮ ದಿನದ ಕೆಲವು ತೀರ್ಮಾನ ತಾವೇ ಮಾಡಿಕೊಳ್ಳಲು ಬಿಟ್ಟರು, ನೋಡಿಕೊಳ್ಳಲು ಒಂದು ಗಿಡ ಕೊಟ್ಟರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದರಿಂದ ಹಿಡಿದು ಎಲ್ಲಾ ಸಿಬ್ಬಂದಿಯೇ ಮಾಡುತ್ತಿದ್ದರು. ಮೊದಲ ಗುಂಪಿನವರು ಕೆಲವೇ ವಾರಗಳಲ್ಲಿ ಹೆಚ್ಚು ಚುರುಕಾದರು, ಖುಷಿಯಾಗಿದ್ದರು.

ಮಗಳಿಗೆ ಸಿಟ್ಟು ಬಂತು. "ಕೆಲಸ ಹೇಳಿದ್ರೆ ಅಮ್ಮನ್ನ ಆಯಾ ಮಾಡ್ಕೊಂಡಿದ್ದಾಳೆ ಅಂತಾರೆ. ಹೇಳದಿದ್ರೆ ನೀವು ಹೀಗಂತೀರ." ಅವಳ ಮಾತೂ ಸುಳ್ಳಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಂತಲೇ ಕರೆಸಿಕೊಂಡು, ರಜೆ ಇಲ್ಲದೆ ದುಡಿಸುವ ಮನೆಗಳನ್ನೂ ನಾನು ನೋಡಿದ್ದೇನೆ. ವ್ಯತ್ಯಾಸ ಇರುವುದು ಬೇಡ ಅನ್ನುವ ಹಕ್ಕಿನಲ್ಲಿ. ಇವತ್ತು ಆಗಲ್ಲ ಅಂತ ಹೇಳಲು ಬಂದರೆ ಅದು ತನ್ನ ಮನೆಯ ಕೆಲಸ.

ಮನೆಯವರಿಗೆ ಕೊಟ್ಟ ಸಲಹೆ ಹೀಗಿತ್ತು. ಬಾಗಿಲಿನ ನಂಬರ್ ಇವತ್ತೇ ಹೇಳಿಕೊಡಿ. ವಾರದಲ್ಲಿ ಎರಡು ದಿನ ಅಡುಗೆ ಪೂರ್ತಿ ಅಮ್ಮನದು. ಏನು ಮಾಡಬೇಕು ಅನ್ನೋದೂ ಅವರೇ ತೀರ್ಮಾನಿಸಲಿ, ಅಲಾರಂ ಹೊಡೆದರೆ ಹೊಡೆಯಲಿ, ಕಿಟಕಿ ತೆಗೆದರಾಯಿತು. ಮೊಮ್ಮಗನನ್ನು ಸ್ಕೂಲ್ ಬಸ್ಸಿಗೆ ಬಿಡುವುದು ಅವರಿಗೆ ಇಷ್ಟ ಇದ್ದರೆ ಮಾತ್ರ. ಅಳಿಯ ಏನಿದ್ದರೂ ಹೆಂಡತಿಯ ಮೂಲಕ ಹೇಳಿಸದೆ 'ಅತ್ತೆ' ಅಂತ ನೇರವಾಗಿ ಮಾತಾಡಲಿ. ಅಳಿಯ ಒಳ್ಳೆಯ ಮನುಷ್ಯ. ದೊಡ್ಡವರ ಮುಂದೆ ಮಾತು ಕಡಿಮೆ ಮಾಡುವುದೇ ಮರ್ಯಾದೆ ಅಂದುಕೊಂಡಿದ್ದರು. ಇತ್ತ ಇವರು 'ಅಳಿಯಂದಿರಿಗೆ ನಾನಿರೋದು ಇಷ್ಟ ಇಲ್ಲ' ಅಂದುಕೊಂಡಿದ್ದರು. ಈಗ ಅಳಿಯ ಬೆಳಿಗ್ಗೆ ಅತ್ತೆ ಮಾಡಿದ ಕಾಫಿ ಕುಡಿದು ಹೊರಡುತ್ತಾರೆ. ಡಿಕಾಕ್ಷನ್ ತೆಳ್ಳಗಾಯಿತು ಅಂತ ಒಂದು ದಿನ ಹೇಳಿದರಂತೆ. ಪಾರ್ವತಮ್ಮ ಅದನ್ನು ನನಗೆ ದೂರಿನ ಹಾಗೆ ಹೇಳಿದರು, ಆದರೆ ಮುಖದಲ್ಲಿ ನಗು ಇತ್ತು.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ ಅಂದೆ. ಅಲ್ಲಿನ ವೃದ್ಧಾಪ್ಯ ಪಿಂಚಣಿ ಸಿಗಲು 18 ವರ್ಷ ತುಂಬಿದ ಮೇಲೆ ಕನಿಷ್ಠ 10 ವರ್ಷ ಅಲ್ಲಿ ವಾಸ ಮಾಡಿರಬೇಕು. ಇವರಿಗೆ ಅದು ದೂರದ ಮಾತು. ತೋಟದ ಆದಾಯ ಇದೆಯಲ್ಲ, ಅದನ್ನು ತರಿಸಿಕೊಳ್ಳಲಿ. ಹೊರದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳ ಇಲ್ಲಿನ ಆದಾಯಕ್ಕಿರುವ ಖಾತೆ ಮಾಡಿಸಬೇಕು. ಅದರಿಂದ ನಿಯಮದ ಪ್ರಕಾರ ಹಣ ಕಳಿಸಬಹುದು. ಕೆನಡಾದ ನಿವಾಸಿಗಳು ಎಲ್ಲಾ ದೇಶದ ಆದಾಯವನ್ನೂ ಅಲ್ಲಿ ತೋರಿಸಬೇಕು. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅಲ್ಲಿ ಸುಮ್ಮನಿರುವ ಹಾಗಿಲ್ಲ. ಅಲ್ಲಿನ ಆಡಿಟರ್ ಒಬ್ಬರನ್ನು ಕೇಳಲು ಹೇಳಿದೆ.

ಹೊರಗಿನ ಬದುಕಿಗೆ ಬಂದರೆ, ಕಾಯಂ ನಿವಾಸಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರವೇ ಪುಕ್ಕಟೆ ಇಂಗ್ಲಿಷ್ ಕ್ಲಾಸ್ ನಡೆಸುತ್ತದೆ. ಲಿಂಕ್ ಅಂತ ಹೆಸರು. ಮೊದಲು ಎಷ್ಟು ಬರುತ್ತೆ ಅಂತ ಪರೀಕ್ಷಿಸಿ ತಕ್ಕ ತರಗತಿಗೆ ಹಾಕುತ್ತಾರೆ. "ಈ ವಯಸ್ಸಲ್ಲಿ ಸ್ಲೇಟು ಹಿಡ್ಕೊಂಡು ಹೋಗ್ಲಾ?" ಅಂತ ನಕ್ಕರು. ಹೋದರು. ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ ತರಿಸಿಕೊಂಡರು. ಇಂಗ್ಲಿಷ್ ಎಷ್ಟು ಕಲಿತರೋ, ಪಂಜಾಬಿನ ಒಬ್ಬ ಹೆಂಗಸಿನ ಸ್ನೇಹ ಆಯಿತು. ಅವರದ್ದು ಗೋಧಿ ಹೊಲ. ಇವರಿಗೆ ಬರುವುದು ಹರಕು ಹಿಂದಿ. ಇಬ್ಬರೂ ಆಳುಗಳ ಕೂಲಿ ಏರಿದ್ದನ್ನು ಮಾತಾಡಿಕೊಳ್ಳುತ್ತಾರಂತೆ. ಕ್ಲಾಸಿನ ಫಲ ಅಂದರೆ ಇದೇ ಅಂತ ನಾನು ತಿಳಿದಿದ್ದೇನೆ.

ತೋಟದ ಮಾತು ಎಲ್ಲಕ್ಕಿಂತ ಉದ್ದವಾಯಿತು. ಮಾರಿಬಿಡಿ ಅನ್ನುವುದು ನೆಂಟರೆಲ್ಲರ ಮಾತು. ಹೊರದೇಶಕ್ಕೆ ಹೋದವರು ತೋಟ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯಾರೋ ಹೆದರಿಸಿದ್ದರು. ಅದು ಸರಿಯಲ್ಲ. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಹೊಸದಾಗಿ ಕೃಷಿ ಭೂಮಿ ಅಥವಾ ತೋಟ ಕೊಳ್ಳುವಂತಿಲ್ಲ. ಇಲ್ಲಿದ್ದಾಗ ಹೊಂದಿದ್ದನ್ನು ಇಟ್ಟುಕೊಳ್ಳಬಹುದು. ಮುಂದೆ ಮಾರುವುದಾದರೆ ಇಲ್ಲೇ ವಾಸವಿರುವ ಭಾರತೀಯರಿಗೆ ಮಾರಬೇಕು. ಅಷ್ಟೇ. ಗಂಡ ಹೋಗಿ, ಊರು ಬಿಟ್ಟು, ಎರಡೂ ಹಸಿಯಾಗಿರುವಾಗ ಮೂರನೆಯದನ್ನೂ ಕಳೆದುಕೊಳ್ಳಬೇಡಿ, ಕನಿಷ್ಠ ಒಂದು ವರ್ಷ ಮಾರುವ ಮಾತೇ ಬೇಡ ಅಂದೆ.

ನೋಡಿಕೊಳ್ಳುತ್ತಿದ್ದವನು ಮೈದುನನ ಮಗ. ದೊಡ್ಡಮ್ಮನಿಗೆ ಯಾಕೆ ತೊಂದರೆ ಅಂತ ಏನೂ ಹೇಳುತ್ತಿರಲಿಲ್ಲ. ಅವನಿಗೂ ಫೋನ್ ಮಾಡಿ, ದಿನಾ ತೊಂದರೆ ಕೊಡಪ್ಪ ಅಂದೆ. ಚಳಿಗಾಲದಲ್ಲಿ ಕ್ಯಾಲ್ಗರಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಏಳೂವರೆ ಅಂದರೆ ಇಲ್ಲಿ ಬೆಳಿಗ್ಗೆ ಎಂಟು, ಆಳುಗಳು ಬರುವ ಹೊತ್ತು. ತೋಟದೊಳಗೆ ಸಿಗ್ನಲ್ ಇಲ್ಲ, ಗೇಟಿನ ಹತ್ತಿರ ನಿಂತು ಮಾತಾಡುತ್ತಾನೆ. ಆ ಸಲದ ಮೆಣಸು ಕೊಯ್ಲು ಹಾಗೇ ನಡೆಯಿತು. ಕಣದ ಫೋಟೋ ನೋಡಿ ಇನ್ನೊಂದು ಬಿಸಿಲು ಬೇಕು ಅಂತ ಕ್ಯಾಲ್ಗರಿಯಿಂದ ಹೇಳುತ್ತಿದ್ದರು. ರಾತ್ರಿ ಒಂಬತ್ತಕ್ಕೆ ನಿದ್ದೆ ಬರಲು ಶುರುವಾಗಿದ್ದು ಆಮೇಲೆಯೇ.

ತೋಟ ನೋಡಿಕೊಳ್ಳುವ ಹುಡುಗನಿಗೆ ಕೊಡುವ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾತ್ರ ಹೊರಡುವ ಮೊದಲೇ ಇಲ್ಲಿನ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿಕೊಂಡು ಹೋಗಿದ್ದರೆ ಸುಲಭ ಇತ್ತು. ಅಲ್ಲಿಂದ ಮಾಡಿಸುವುದಾದರೆ ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲೇಟ್‌ನ ದೃಢೀಕರಣ ಬೇಕು. ಕ್ಯಾಲ್ಗರಿಯವರಿಗೆ ಕಾನ್ಸುಲೇಟ್ ವ್ಯಾಂಕೂವರ್‌ನಲ್ಲಿದೆ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಪತ್ರದಲ್ಲಿ ಫಸಲು ಮಾರುವ, ಕೂಲಿ ಕೊಡುವ, ಕಂದಾಯ ಕಟ್ಟುವ ಅಧಿಕಾರ ಇರಲಿ, ಜಮೀನು ಮಾರುವ ಅಧಿಕಾರ ಬೇಡ ಅಂತ ಹೇಳಿದೆ. ಹುಡುಗನ ಮೇಲೆ ಅನುಮಾನದಿಂದ ಅಲ್ಲ, ಮುಂದೆ ಯಾರಿಗೂ ಅನುಮಾನ ಬರಬಾರದು ಅಂತ.

ಕಾಯಂ ನಿವಾಸಿ ಅಂದರೆ ಸದಾ ಅಲ್ಲೇ ಇರಬೇಕು ಅಂತ ಮನೆಯವರೆಲ್ಲ ತಿಳಿದಿದ್ದರು. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಆ ಹಕ್ಕು ಉಳಿಯುತ್ತದೆ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಆರೋಗ್ಯ ಕಾರ್ಡಿಗೆ 12 ತಿಂಗಳಲ್ಲಿ 183 ದಿನ ಅಲ್ಲಿರಬೇಕು. ಲೆಕ್ಕ ಹಾಕಿದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಡಗು, ಉಳಿದದ್ದು ಕ್ಯಾಲ್ಗರಿ. ಅಲ್ಲಿ ಹಿಮ ಬೀಳುವಾಗ ಇಲ್ಲಿ ಕೊಯ್ಲು.

ಕಳೆದ ನವೆಂಬರ್‌ನಲ್ಲಿ ಬಂದರು. ಮಡಿಕೇರಿಗೆ ಬಂದು ನನ್ನನ್ನೂ ನೋಡಿದರು. ಆ 15 ಪ್ರಶ್ನೆಗಳನ್ನು ಮತ್ತೆ ಕೇಳಿದೆ, ಅಂಕ ಚೆನ್ನಾಗಿ ಇಳಿದಿತ್ತು. ಮಾತ್ರೆ ಬೇಕಾಗಲಿಲ್ಲ. ಆದರೆ ಸಮಸ್ಯೆ ಮುಗಿದಿಲ್ಲ. ಅಷ್ಟು ದೂರದ ವಿಮಾನ ಪ್ರಯಾಣ ಮಂಡಿಗೆ ಆಗುತ್ತಿಲ್ಲ, ಇನ್ನೂ ಎಷ್ಟು ವರ್ಷ ಹೀಗೆ ಓಡಾಡಬಹುದು ಅಂತ ಅವರಿಗೇ ಗೊತ್ತಿಲ್ಲ. ಮೊಮ್ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾನೆ. ಶಾಲೆ ನಡೆಯುವ ತಿಂಗಳುಗಳಲ್ಲೇ ಅಮ್ಮ ಇರುವುದಿಲ್ಲ ಅಂತ ಮಗಳಿಗೆ ಅಸಮಾಧಾನ. ತೋಟವನ್ನು ಗುತ್ತಿಗೆಗೆ ಕೊಡಿ ಅಂತ ಅವಳು, ಇನ್ನೆರಡು ಕೊಯ್ಲು ನೋಡೋಣ ಅಂತ ಇವರು. ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಈ ವಿಷಯ ಮಾತಾಡಬೇಕು. ಲೆಕ್ಕದ ಪುಸ್ತಕ ತೆಗೆದುಕೊಂಡೇ ಬರುತ್ತೇನೆ ಅಂತ ಪಾರ್ವತಮ್ಮ ಹೇಳಿದ್ದಾರೆ.