ಎಂಜಿಬಿ ಮಾಲೀಕರ ಪ್ರಶ್ನೆಗಳು: ಮೊದಲು ಬುಷ್, ಆಮೇಲೆ ಸ್ಪ್ರಿಂಗ್

1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂಜಿಬಿ ಕಾರಿನ ಸಸ್ಪೆನ್ಷನ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 1971ರ ರೋಡ್‌ಸ್ಟರ್ (ತೆರೆದ ಮೇಲ್ಛಾವಣಿಯ ಮಾದರಿ). ಗಂಟೆಗೆ 60 ಮೈಲಿ ದಾಟಿದರೆ ಮುಂಭಾಗ ಅತ್ತಿತ್ತ ಅಲೆಯುತ್ತದೆ. ತಿರುವಿನ ನಡುವೆ ಉಬ್ಬು ಸಿಕ್ಕರೆ ಸ್ಟೀರಿಂಗನ್ನು ಮತ್ತೆ ತಿದ್ದಬೇಕಾಗುತ್ತದೆ. ಗಟ್ಟಿ ಸ್ಪ್ರಿಂಗ್, ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್, ದಪ್ಪ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿ) ಎಲ್ಲ ಸೇರಿದ ಕಿಟ್ ಹಾಕಿಸೋಣ ಎಂದುಕೊಂಡಿದ್ದೇನೆ. ಯಾವುದರಿಂದ ಶುರು ಮಾಡಲಿ?
— ಓದುಗರು, ಕೊವೆಂಟ್ರಿ

ಉತ್ತರ: ಕಿಟ್ ಸದ್ಯಕ್ಕೆ ಬೇಡ. ನೀವು ಬರೆದಿರುವ ಎರಡೂ ಲಕ್ಷಣಗಳು ಸವೆದ ಭಾಗಗಳದ್ದು, ಮೆತ್ತಗಿನ ಸ್ಪ್ರಿಂಗಿನದ್ದಲ್ಲ. ಸಡಿಲ ಬಿದ್ದ ಮುಂಭಾಗಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಪ್ರತಿ ಉಬ್ಬಿನ ಹೊಡೆತ ಇನ್ನೂ ಜೋರಾಗಿ ಆ ಸಡಿಲ ಜಾಗಕ್ಕೇ ಹೋಗುತ್ತದೆ, ಅಲೆದಾಟ ಹೆಚ್ಚುತ್ತದೆ.

ಮೊದಲು ಟೈರ್ ನೋಡಿ. ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2314 ಎಂದರೆ 2014ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳ ಉಳಿದಿರಲಿ, ರಬ್ಬರ್ ಕಲ್ಲಾಗಿರುತ್ತದೆ, ಬದಲಿಸಿ. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರುಗಳಲ್ಲಿ ಟೈರ್ ಸವೆಯುವುದಕ್ಕಿಂತ ಮೊದಲು ಮುದಿಯಾಗುವುದೇ ಹೆಚ್ಚು. ರೇಡಿಯಲ್ ಟೈರಿನ ರೋಡ್‌ಸ್ಟರಿಗೆ ಕಾರ್ಖಾನೆ ಹೇಳಿದ ಗಾಳಿ ಮುಂದೆ 21, ಹಿಂದೆ 24 ಪಿಎಸ್‌ಐ. ಇಂದಿನ ಟೈರಿಗೆ ಎರಡು ಮೂರು ಪಿಎಸ್‌ಐ ಹೆಚ್ಚು ಇಟ್ಟು ನೋಡಬಹುದು, ಆದರೆ ಹಿಂದೆ ಹೆಚ್ಚು, ಮುಂದೆ ಕಡಿಮೆ ಎನ್ನುವ ವ್ಯತ್ಯಾಸ ಹಾಗೇ ಇರಲಿ. ಟೈರ್ ಅಂಗಡಿಯವರು ನಾಲ್ಕಕ್ಕೂ 32 ತುಂಬಿಸಿ ಕಳಿಸಿದ್ದರೆ ಅಲೆದಾಟಕ್ಕೆ ಅದೊಂದೇ ಸಾಕು.

ಆಮೇಲೆ ಕಿಂಗ್‌ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ತಿರುಗುವ ನೆಟ್ಟನೆಯ ಪಿನ್. ಸ್ಪ್ರಿಂಗ್ ಪ್ಯಾನಿನ (ಸ್ಪ್ರಿಂಗ್ ಕೂರುವ ತಟ್ಟೆ) ಕೆಳಗೆ ಜ್ಯಾಕ್ ಕೊಟ್ಟು ಚಕ್ರ ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಪ್ಲೇ ಮಾಯವಾದರೆ ದೋಷ ಚಕ್ರದ ಬೇರಿಂಗಿನದು. ಉಳಿದರೆ ಕಿಂಗ್‌ಪಿನ್ನಿನದು ಅಥವಾ ಅದರ ಕೆಳತುದಿಯ ಬೋಲ್ಟ್ ಮತ್ತು ಬುಷ್‌ನದು (ಕೀಲಿನೊಳಗೆ ಕೂರುವ ಕೊಳವೆಯಂಥ ಭಾಗ). ಬೇರಿಂಗ್ ಆದರೆ ಒಂದು ಎಚ್ಚರಿಕೆ: ಎಂಜಿಬಿಯಲ್ಲಿ ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್ ಮತ್ತು ತೆಳು ಶಿಮ್‌ಗಳಿವೆ (ಅಂತರ ಹೊಂದಿಸುವ ಬಿಲ್ಲೆಗಳು). ಬೇರೆ ಕಾರುಗಳಲ್ಲಿ ಮಾಡುವಂತೆ ನಟ್ ಬಿಗಿದು ಕಾಲು ಸುತ್ತು ಬಿಚ್ಚುವ ಪದ್ಧತಿ ಇಲ್ಲಿ ನಡೆಯದು. ಶಿಮ್ ಸೇರಿಸಿ ಅಥವಾ ತೆಗೆದು 0.002ರಿಂದ 0.004 ಇಂಚು ಸಡಿಲ ಉಳಿಸಿ, ನಟ್ ಪೂರ್ತಿ ಬಿಗಿಯಬೇಕು. ಸ್ಪೇಸರ್ ಬೇಡವೆಂದು ತೆಗೆದಿಟ್ಟ ಕಾರುಗಳೂ ಉಂಟು. ಆ ಸ್ಪೇಸರ್ ಸ್ಟಬ್ ಆಕ್ಸಲ್‌ಗೆ ಬಲ ಕೊಡುವ ಭಾಗ, ಅದನ್ನು ಬಿಡಬಾರದು.

ಕಿಂಗ್‌ಪಿನ್ ಸವೆದಿದ್ದರೆ ಪಿನ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹೊಸ ಬುಷ್‌ಗಳನ್ನು ಒಂದೇ ಸಾಲಿನಲ್ಲಿ ರೀಮ್ ಮಾಡಬೇಕು (ರಂಧ್ರವನ್ನು ಸರಿಯಾದ ಅಳತೆಗೆ ಕೊರೆಯಬೇಕು), ಅದಕ್ಕೆ ಸರಿಯಾದ ರೀಮರ್ ಬೇಕು. ಹಳೆಯದನ್ನು ಕೊಟ್ಟು ಸಿದ್ಧಪಡಿಸಿದ ಜೋಡಣೆಯನ್ನೇ ತರುವುದು ಮೇಲು. ಅದು ಸವೆಯುವುದಕ್ಕೆ ಕಾರಣ ಗ್ರೀಸ್ ಇಲ್ಲದಿರುವುದು. ಪ್ರತಿ ಬದಿಗೆ ಗ್ರೀಸ್ ತುಂಬುವ ಮೂರು ನಿಪಲ್ ಇವೆ, 3,000 ಮೈಲಿಗೊಮ್ಮೆ ಗ್ರೀಸ್ ಹೋಗಬೇಕು. ಚಕ್ರ ನೆಲದ ಮೇಲಿರುವಾಗ ಗನ್ ಒತ್ತಿದರೆ ಭಾರ ಬೀಳುವ ಕಡೆಗೆ ಗ್ರೀಸ್ ನುಗ್ಗುವುದಿಲ್ಲ. ಕಾರನ್ನು ಎತ್ತಿ, ಸ್ಟೀರಿಂಗ್ ಎರಡೂ ಕಡೆ ತಿರುಗಿಸುತ್ತಾ, ಹಳೆಯ ಕಪ್ಪು ಗ್ರೀಸ್ ಹೊರಗೆ ಬರುವವರೆಗೂ ಒತ್ತಿ.

ಇದೆಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಟೋ-ಇನ್ (ಮುಂಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) 1/16ರಿಂದ 3/32 ಇಂಚು. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) 7 ಡಿಗ್ರಿ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ) ಸುಮಾರು 1 ಡಿಗ್ರಿ ಪಾಸಿಟಿವ್, ಅಂದರೆ ಚಕ್ರದ ಮೇಲ್ತುದಿ ಹೊರಕ್ಕೆ. ಇವೆರಡನ್ನೂ ಹೊಂದಿಸಲು ಕಾರ್ಖಾನೆ ಯಾವ ಏರ್ಪಾಡೂ ಮಾಡಿಲ್ಲ. ಆದರೂ ಅಳೆಸಿ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಬಂದರೆ ಎಲ್ಲೋ ಒಂದು ಆರ್ಮ್ ಬಾಗಿದೆ ಅಥವಾ ಬುಷ್ ಕುಸಿದಿದೆ ಎಂದರ್ಥ.

ಪ್ರಶ್ನೆ: ಮುಂದಿನ ಕೆಳ ವಿಶ್‌ಬೋನ್ (ಚಕ್ರವನ್ನು ಕಾರಿಗೆ ಸೇರಿಸುವ ತೋಳು) ಬುಷ್‌ಗಳನ್ನು ಮನೆಯಲ್ಲೇ ಬದಲಿಸಬಹುದೇ? ರಬ್ಬರ್ ಒಳ್ಳೆಯದೋ ಪಾಲಿಯುರೆಥೇನ್ ಒಳ್ಳೆಯದೋ?
— ಓದುಗರು, ರೆಡಿಂಗ್

ಉತ್ತರ: ಬದಲಿಸಬಹುದು, ಆದರೆ ಸ್ಪ್ರಿಂಗ್ ಬಗ್ಗೆ ಭಯವಿರಲಿ. ಕಾರಿನ ಭಾರ ಹೊತ್ತು ನಿಂತಾಗ ಅದರಲ್ಲಿ ನಾನೂರು ಕೆ.ಜಿ.ಗೂ ಹೆಚ್ಚು ಒತ್ತಡ ಅಡಗಿರುತ್ತದೆ. ಎಂಜಿಬಿಯಲ್ಲಿ ಇನ್ನೊಂದು ವಿಶೇಷ: ಮುಂದಿನ ಲಿವರ್ ಶಾಕ್ ಅಬ್ಸಾರ್ಬರಿನ ಕೈಯೇ ಮೇಲಿನ ವಿಶ್‌ಬೋನ್. ಕೆಳಗೆ ಆಧಾರ ಕೊಡದೆ ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಸಿಡಿಯುತ್ತದೆ.

ಹಿಂಚಕ್ರಗಳಿಗೆ ಅಡ್ಡ ಕೊಡಿ. ಮುಂಭಾಗ ಎತ್ತಿ ಚಾಸಿ ರೈಲುಗಳ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ತೆಗೆಯಿರಿ. ಆ್ಯಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿ. ಟ್ರಾಲಿ ಜ್ಯಾಕನ್ನು ಸ್ಪ್ರಿಂಗ್ ಪ್ಯಾನಿನ ಕೆಳಗಿಟ್ಟು, ಶಾಕ್ ಕೈ ತನ್ನ ರಬ್ಬರ್ ತಡೆಯಿಂದ ಮೇಲೇಳುವವರೆಗೆ ಎತ್ತಿ. ಸ್ಪ್ರಿಂಗಿನ ಸುರುಳಿಯ ಮೂಲಕ ಒಂದು ಸರಪಳಿ ಹಾಯಿಸಿ ಕ್ರಾಸ್‌ಮೆಂಬರಿಗೆ (ಸಸ್ಪೆನ್ಷನ್ ಹೊತ್ತ ಅಡ್ಡ ತೊಲೆ) ಕಟ್ಟಿ. ಈಗ ಮೇಲಿನ ಟ್ರನಿಯನ್ (ಕಿಂಗ್‌ಪಿನ್ ತುದಿಯನ್ನು ಶಾಕ್ ಕೈಗೆ ಸೇರಿಸುವ ಕೀಲು) ಬೋಲ್ಟ್ ತೆಗೆದು, ಹಬ್ ಸಮೇತ ಕಿಂಗ್‌ಪಿನ್ನನ್ನು ಹೊರಕ್ಕೆ ವಾಲಿಸಿ. ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳದಂತೆ ತಂತಿಯಿಂದ ಕಟ್ಟಿ. ಆಮೇಲೆ ಜ್ಯಾಕನ್ನು ತೀರಾ ನಿಧಾನವಾಗಿ ಇಳಿಸಿ. ಎಂಜಿನ್ ಹೊರತೆಗೆದ ಕಾರಿನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಮುಂಭಾಗ ಹಗುರವಾಗಿರುವುದರಿಂದ ಸ್ಪ್ರಿಂಗ್ ಅಮುಕುವ ಬದಲು ಕಾರೇ ಸ್ಟ್ಯಾಂಡ್ ಬಿಟ್ಟು ಏಳುತ್ತದೆ.

ಬುಷ್ ವಿಷಯದಲ್ಲಿ ನಮ್ಮ ಆಯ್ಕೆ ಎರಡೂ ಅಲ್ಲ, ಎಂಜಿಬಿ ಜಿಟಿ ವಿ8ಗೆ ಕಾರ್ಖಾನೆಯೇ ಹಾಕಿದ ಲೋಹದ ಕೊಳವೆಯ ರಬ್ಬರ್ ಬುಷ್. ಎಂಜಿಬಿಗೆ ಅದು ನೇರ ಕೂರುತ್ತದೆ, ಬೆಲೆಯೂ ಹೆಚ್ಚಲ್ಲ, ಸಾಮಾನ್ಯ ರಬ್ಬರಿನಂತೆ ಎರಡು ವರ್ಷಕ್ಕೆ ಹಿಂಡಿಕೊಂಡು ಹೊರಬರುವುದಿಲ್ಲ. ಪಾಲಿಯುರೆಥೇನ್ ಬಾಳಿಕೆ ಬರುತ್ತದೆ, ಆದರೆ ರಸ್ತೆಯ ಕಿರಿಕಿರಿಯನ್ನೆಲ್ಲ ಸೀಟಿಗೆ ತಲುಪಿಸುತ್ತದೆ, ಜೊತೆಗೆ ಕೊಟ್ಟ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುತ್ತದೆ. ವಿ8 ಬುಷ್ ಬಿಗಿಯಾಗಿ ಹೋಗುತ್ತದೆ. ಸೋಪಿನ ನೀರು ಹಚ್ಚಿ, ವೈಸಿನಲ್ಲಿ ಸಾಕೆಟ್ ಇಟ್ಟು ಒತ್ತಿ. ಎರಡೂ ಬದಿಗೆ ಸಮನಾಗಿ ಹೊರಚಾಚಿರಬೇಕು. ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬಹಳ ಜನ ತಪ್ಪುವುದು ಕೊನೆಯ ಬಿಗಿತದಲ್ಲಿ. ಸಸ್ಪೆನ್ಷನ್ ಜೋತುಬಿದ್ದಿರುವಾಗಲೇ ನಟ್ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನಟ್ ಕೈಬಿಗಿ ಮಾತ್ರ ಇಟ್ಟು, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಹಿಂದೆ ಮುಂದೆ ತುಸು ಉರುಳಿಸಿ, ಆಮೇಲೆ ಪೂರ್ತಿ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ.

ಪ್ರಶ್ನೆ: 1975ರ ರಬ್ಬರ್ ಬಂಪರಿನ ಕಾರು. ತಿರುವಿನಲ್ಲಿ ದೋಣಿಯಂತೆ ವಾಲುತ್ತದೆ. ತಗ್ಗಿಸಬೇಕೇ, ಆ್ಯಂಟಿ ರೋಲ್ ಬಾರ್ ಹಾಕಬೇಕೇ?
— ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಮೊದಲು ಬಾರ್. 1974ರ ಕೊನೆಯಲ್ಲಿ ಅಮೆರಿಕದ ಬಂಪರ್ ನಿಯಮಕ್ಕೆ ತಕ್ಕಂತೆ ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಿದರು. ಅದೇ ಹೊತ್ತಿಗೆ ರೋಡ್‌ಸ್ಟರಿನಿಂದ ಮುಂದಿನ ಆ್ಯಂಟಿ ರೋಲ್ ಬಾರನ್ನೂ ಕೈಬಿಟ್ಟರು. ಎತ್ತರ ಮಾಡಿ ತಡೆಯನ್ನೂ ಕಿತ್ತುಕೊಂಡ ಮೇಲೆ ಕಾರು ವಾಲದೆ ಇನ್ನೇನು ಮಾಡೀತು! 1977ರ ಮಾಡೆಲ್‌ನಲ್ಲಿ ಮುಂದೆಯೂ ಹಿಂದೆಯೂ ಬಾರ್ ಹಾಕಿ ತಿದ್ದಿಕೊಂಡರು.

ಬಾರಿನ ಬಿಗಿತ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. 5/8 ಇಂಚಿನದಕ್ಕಿಂತ ಮುಕ್ಕಾಲು ಇಂಚಿನದು ಎರಡು ಪಟ್ಟು ಬಿಗಿ, 7/8 ಇಂಚಿನದು ನಾಲ್ಕು ಪಟ್ಟಿನ ಹತ್ತಿರ. ರಸ್ತೆಯ ಓಡಾಟಕ್ಕೆ ಮುಂದೆ 5/8 ಅಥವಾ ಮುಕ್ಕಾಲು ಸಾಕು. 7/8 ಹಾಕಿದರೆ ಒದ್ದೆ ರಸ್ತೆಯಲ್ಲಿ ಮುಂಭಾಗ ತಿರುವಿನಿಂದ ಹೊರಕ್ಕೆ ಜಾರುತ್ತದೆ. ಹಿಂದೆ ಮಾತ್ರ ಬಾರ್ ಹಾಕಿ ಮುಂದೆ ಬಿಡುವುದಂತೂ ಅಪಾಯ, ಹಿಂಭಾಗ ಮೊದಲು ಜಾರುತ್ತದೆ.

ಬಾರ್ ಹಾಕಿದ ಮೇಲೂ ತಗ್ಗಿಸಲೇಬೇಕೆನಿಸಿದರೆ ಹಿಂದೆ ಮುಂದೆ ಸಮನಾಗಿ ಒಂದು ಇಂಚು ಸಾಕು. ಹಿಂದೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ನಡುವೆ ಬ್ಲಾಕ್ ಇಡುವುದು ಅಗ್ಗದ ದಾರಿ; ಆದರೆ ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್ ತಿರುಚಿಕೊಂಡು ಕುಪ್ಪಳಿಸುವುದು ಹೆಚ್ಚು, ಉದ್ದದ ಯು-ಬೋಲ್ಟ್ ಕೂಡ ಬೇಕು. ಲೀಫ್ ಸ್ಪ್ರಿಂಗ್ ಹಳತಾಗಿದ್ದರೆ ತಗ್ಗಿದ ಅಳತೆಯ ಹೊಸ ಜೋಡಿಯೇ ಒಳ್ಳೆಯದು. ಮುಂದೆ ಗಿಡ್ಡ ಸ್ಪ್ರಿಂಗ್ ಹಾಕಿದಾಗ ಬಂಪ್ ರಬ್ಬರಿಗೆ ಉಳಿದ ಅಂತರ ಅಳೆದು ನೋಡಿ. ಹಳೆಯ ಕ್ರೋಮ್ ಬಂಪರ್ ಕಾರಿನ ಕ್ರಾಸ್‌ಮೆಂಬರ್ ಹಾಕುವವರು ಸ್ಟೀರಿಂಗ್ ರ‍್ಯಾಕ್ ಮತ್ತು ಕಾಲಂ ಒಂದೇ ಸಾಲಿಗೆ ಬಂದಿವೆಯೇ ಎಂದು ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ನಡುವಿನ ಯೂನಿವರ್ಸಲ್ ಜಾಯಿಂಟ್ ಬೇಗ ಹೋಗುತ್ತದೆ.

ಪ್ರಶ್ನೆ: ಲಿವರ್ ಶಾಕ್ ಅಬ್ಸಾರ್ಬರ್ ಎಸೆದು ಟೆಲಿಸ್ಕೋಪಿಕ್ ಹಾಕಿದರೆ ಲಾಭವೇ? ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ಪರೀಕ್ಷೆ), ವಿಮೆಗೆ ತೊಂದರೆಯಾಗುತ್ತದೆಯೇ?
— ಓದುಗರು, ಲೆಸ್ಟರ್

ಉತ್ತರ: ಮೊದಲು ಇರುವುದನ್ನು ಪರೀಕ್ಷಿಸಿ. ಹಿಂದಿನದರ ಲಿಂಕ್ ಬಿಚ್ಚಿ ಕೈಯನ್ನು ಮೇಲೆ ಕೆಳಗೆ ಪೂರ್ತಿ ಆಡಿಸಿ. ತಡೆ ಉದ್ದಕ್ಕೂ ಒಂದೇ ಸಮ ಇರಬೇಕು. ನಡುವೆ ಸಡಿಲವಾದರೆ ಒಳಗೆ ಗಾಳಿ ಸೇರಿದೆ: ಮೇಲಿನ ಪ್ಲಗ್ ಸುತ್ತ ಚೆನ್ನಾಗಿ ಒರೆಸಿ, ಬಿಚ್ಚಿ, ಬೈಕಿನ 20 ವೇಟ್ ಫೋರ್ಕ್ ಎಣ್ಣೆ ಹಾಕುತ್ತಾ ಕೈ ಆಡಿಸಿ. ಶಾಫ್ಟಿನ ಬಳಿ ಸೋರುತ್ತಿದ್ದರೆ ಎಣ್ಣೆ ತುಂಬಿ ಫಲವಿಲ್ಲ, ರೀಕಂಡಿಷನ್ ಮಾಡಿಸಬೇಕು. ಮುಂದಿನದರ ಶಾಫ್ಟ್ ಪಕ್ಕಕ್ಕೆ ಅಲುಗಿದರೂ ಅಷ್ಟೇ. ಅದು ಮೇಲಿನ ವಿಶ್‌ಬೋನ್ ಆದ್ದರಿಂದ ಚಕ್ರದ ಕ್ಯಾಂಬರೇ ಅಲುಗುತ್ತಿದೆ ಎಂದರ್ಥ.

ಒಳ್ಳೆಯ ಸ್ಥಿತಿಯ ಲಿವರ್ ಶಾಕ್ ರಸ್ತೆಗೆ ಸಾಕು. ತುಸು ಬಿಗಿ ಬೇಕಾದವರು ರೀಕಂಡಿಷನ್ ಮಾಡಿಸುವಾಗಲೇ ಗಟ್ಟಿ ವಾಲ್ವ್ ಹಾಕಿಸಿಕೊಳ್ಳಲಿ. ಹಿಂದೆ ಟೆಲಿಸ್ಕೋಪಿಕ್ ಹಾಕಿ ಅತಿ ಬಿಗಿ ಇಟ್ಟರೆ ಉಬ್ಬಿನ ಮೇಲೆ ಆಕ್ಸಲ್ ಎಗರುತ್ತದೆ.

ಬ್ರಿಟನ್ನಿನಲ್ಲಿ 2018ರಿಂದ, 40 ವರ್ಷ ಮೀರಿದ ಮತ್ತು ಗಣನೀಯವಾಗಿ ಬದಲಾಗದ ಕಾರಿಗೆ ಎಂಒಟಿ ವಿನಾಯಿತಿ ಇದೆ. ಸಸ್ಪೆನ್ಷನ್ನಿನ ಬಗೆಯನ್ನೇ ಬದಲಿಸುವುದು ಗಣನೀಯ ಬದಲಾವಣೆಯ ಪಟ್ಟಿಯಲ್ಲಿದೆ, ಸುರಕ್ಷತೆಗಾಗಿ ಮಾಡಿದ ಸುಧಾರಣೆಗೆ ಅದರಲ್ಲಿ ರಿಯಾಯಿತಿಯೂ ಇದೆ. ಕೆಲಸದ ಬಿಲ್ಲು, ಫೋಟೊ ಇಟ್ಟುಕೊಳ್ಳಿ. ವಿನಾಯಿತಿ ಇದ್ದರೂ ವರ್ಷಕ್ಕೊಮ್ಮೆ ಎಂಒಟಿ ಮಾಡಿಸಲು ಅಡ್ಡಿಯಿಲ್ಲ. ಕಿಂಗ್‌ಪಿನ್ ಪ್ಲೇ ಮೊದಲು ಸಿಕ್ಕುವುದು ಅಲ್ಲೇ. ವಿಮಾ ಕಂಪನಿಗೆ ಮಾತ್ರ ಪ್ರತಿ ಬದಲಾವಣೆಯನ್ನೂ ಬರಹದಲ್ಲಿ ತಿಳಿಸಿ, ಆ್ಯಂಟಿ ರೋಲ್ ಬಾರ್ ಆದರೂ ಸರಿಯೇ.