ಹೊಸ ಬೇರಿಂಗ್ ಹಾಕಿದರೂ ಲಾರಿ ಎಂಜಿನ್ ಮತ್ತೆ ಬಡಿಯುವುದೇಕೆ?

ಅನೇಕ ಸಲ ತಪ್ಪು ಬೇರಿಂಗಿನದಲ್ಲ. ಅದು ಕೂರುವ, ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ದೊಡ್ಡ ಕಣ್ಣು ದುಂಡಗೆ ಉಳಿದಿರುವುದಿಲ್ಲ, ಇಲ್ಲವೇ ರಾಡೇ ಬಾಗಿರುತ್ತದೆ. ಕಣ್ಣಿನ ಬಿಚ್ಚಬಹುದಾದ ಅರ್ಧವಾದ ಕ್ಯಾಪ್ ಬಿಗಿದಾಗ ಬೇರಿಂಗಿನ ಎರಡೂ ಹೋಳುಗಳು ಒಂದಕ್ಕೊಂದು ಒತ್ತಿಕೊಂಡು ಕಣ್ಣಿಗೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಆಗಲೇ ಬಿಸಿ ರಾಡ್‌ಗೆ ಇಳಿಯುವುದು, ಆಯಿಲ್ ಪದರ ಒಡೆಯದೆ ನಿಲ್ಲುವುದು.

ಹಳೆಯ ಬೇರಿಂಗ್ ಎಸೆಯುವ ಮುನ್ನ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಮೇಲಿನ ಹೋಳು ಒಂದು ಅಂಚಿನಲ್ಲಿ, ಕೆಳಗಿನದು ಎದುರು ಅಂಚಿನಲ್ಲಿ ಸವೆದಿದ್ದರೆ ರಾಡ್ ಬಾಗಿರುವ ಗುರುತು. ಹೋಳಿನ ಬೆನ್ನು (ಕಣ್ಣಿಗೆ ತಾಗುವ ಮೈ) ಅಲ್ಲಲ್ಲಿ ಮಿರಮಿರ ಹೊಳೆಯುತ್ತಿದ್ದರೆ ಹಿಡಿತ ಸಡಿಲ. ಸುತ್ತಲೂ ಗೀರುಗಳಿದ್ದರೆ ಧೂಳು ಹೊಕ್ಕಿದೆ. ಗದಗ, ನವಲಗುಂದದ ಎರೆಹೊಲದ ದಾರಿಯಲ್ಲಿ ಓಡುವ ಗಾಡಿಯಾದರೆ ಏರ್ ಫಿಲ್ಟರ್ ಪೈಪನ್ನೂ ನೋಡಲೇಬೇಕು.

ನಂತರ ಬೇರಿಂಗಿಲ್ಲದೆ ಕ್ಯಾಪ್ ಕೂರಿಸಿ, ಕಂಪನಿ ಹೇಳಿದ ಬಿಗಿತಕ್ಕೆ, ಅಂದರೆ ಟಾರ್ಕ್‌ಗೆ ಬಿಗಿದು, ಒಳವ್ಯಾಸ ಅಳೆಯುವ ಬೋರ್ ಗೇಜಿನಿಂದ ಕಣ್ಣನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ. ಇಲ್ಲಿ ಲೆಕ್ಕ ಮಿಲಿಮೀಟರಿನ ನೂರನೇ ಭಾಗದ್ದು, ಕಣ್ಣಂದಾಜು ನಡೆಯದು. ಒಂದೇ ನಂಬರಿನ ರಾಡ್, ಕ್ಯಾಪಿನ ಜೋಡಿ ತಪ್ಪಿಸಬೇಡಿ. ಸಡಿಲವೆಂದು ಕ್ಯಾಪಿನ ಮುಖಕ್ಕೆ ಅರ ಹಾಕುವುದಂತೂ ಎಂಜಿನ್‌ಗೆ ಮಾಡುವ ದ್ರೋಹ. ಗೇಜ್ ಇಲ್ಲದಿದ್ದರೆ ರಾಡನ್ನು ಹುಬ್ಬಳ್ಳಿಯ ರೀಬೋರಿಂಗ್ ಅಂಗಡಿಗೆ ಒಯ್ದು ಅಳೆಸಿ.